ಎಳೆಯುವ ಮೊದಲು ಅಳೆಯಬೇಕು

ಮಂಗಳೂರಿನಿಂದ ಅಡುಗೆ ಅನಿಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಟ್ಯಾಂಕರಿನ ಚಾಲಕನಿಗೆ ಭಾರಿ ವಾಹನದ ಲೈಸೆನ್ಸ್ ಒಂದೇ ಸಾಲದು. ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಆತ ಅಪಾಯಕಾರಿ ಸರಕಿನ ಬಗ್ಗೆ ಮೂರು ದಿನಗಳ ತರಬೇತಿ ಪಡೆದಿರಬೇಕು. ಲೈಸೆನ್ಸ್ ನವೀಕರಿಸುವಾಗ ಒಂದು ದಿನದ ಮರುತರಬೇತಿಗೂ ಕೂರಬೇಕು. ಅದೇ ಟ್ಯಾಂಕರ್ ತಿರುವಿನಲ್ಲಿ ಪಲ್ಟಿಯಾದರೆ ಅದನ್ನೆತ್ತಲು ಬರುವವನಿಗೆ ಏನೇನು ಗೊತ್ತಿರಬೇಕು? ಆತನ ಲೈಸೆನ್ಸಿನ ಮಟ್ಟಿಗೆ ಅಂಥ ಷರತ್ತೇ ಇಲ್ಲ. ಭಾರಿ ವಾಹನ ಓಡಿಸಲು ಬಂದರೆ ಸಾಕು, ಕೊಂಡಿ ಹಾಕುವುದು, ಚೈನ್ ಕಟ್ಟುವುದು, ವಿಂಚ್ ತಿರುಗಿಸುವುದು ಎಲ್ಲವೂ ಕೆಲಸ ಮಾಡುತ್ತಾ ಕೈಗೆ ಬರುತ್ತವೆ ಎಂಬ ನಂಬಿಕೆಯ ಮೇಲೆ ಈ ಕಸುಬು ನಡೆದುಕೊಂಡು ಬಂದಿದೆ. ಆ ನಂಬಿಕೆ ತಪ್ಪು ಎಂಬುದು ಈ ಬರಹದ ವಾದ. ಕೆಟ್ಟು ನಿಂತ ಅಥವಾ ಬಿದ್ದ ಗಾಡಿಯನ್ನು ತೆಗೆಯುವುದು ತೋಳ್ಬಲದ ಕೆಲಸಕ್ಕಿಂತ ಹೆಚ್ಚಾಗಿ ಲೆಕ್ಕದ ಕೆಲಸ. ಆ ಲೆಕ್ಕವನ್ನು ಕಲಿಸಬಹುದು, ಪರೀಕ್ಷಿಸಬಹುದು. ಆದ್ದರಿಂದ ರಸ್ತೆಗಿಳಿಯುವ ಮೊದಲೇ ಕಲಿಸಬೇಕು.

ಟೋಯಿಂಗ್ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ರಸ್ತೆ ಬದಿಯ ಸ್ಕೂಟರನ್ನು ಇಬ್ಬರು ಹುಡುಗರು ಎತ್ತಿ ಗಾಡಿಗೆ ಹಾಕಿಕೊಳ್ಳುವ ದೃಶ್ಯ. ಆ ವ್ಯವಸ್ಥೆಯ ಮೇಲೆ ಜನರ ಸಿಟ್ಟು ಎಷ್ಟು ಬೆಳೆಯಿತೆಂದರೆ 2022ರ ಆರಂಭದಲ್ಲಿ ಸರ್ಕಾರ ನಗರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆಗಿನ ಚರ್ಚೆ ದಂಡ, ದರ್ಪ ಮತ್ತು ಗಾಡಿಗಾಗುವ ಹಾನಿಯ ಸುತ್ತಲೇ ಸುತ್ತಿತು. ಕೆಲಸಗಾರರಿಗೆ ಏನು ಕಲಿಸಲಾಗಿದೆ ಎಂಬ ಪ್ರಶ್ನೆ ಮುನ್ನೆಲೆಗೆ ಬರಲಿಲ್ಲ. ಆದರೆ ನೋ ಪಾರ್ಕಿಂಗ್ ಜಾಗದ ಸ್ಕೂಟರ್ ಈ ಕಸುಬಿನ ಒಂದು ಸಣ್ಣ ಮೂಲೆ ಮಾತ್ರ. ಹೆದ್ದಾರಿಯಲ್ಲಿ ಎಕ್ಸೆಲ್ ಮುರಿದು ನಿಂತ ಲಾರಿ, ಚಾರ್ಮಾಡಿಯ ತಿರುವಿನಲ್ಲಿ ಚರಂಡಿಗೆ ಇಳಿದ ಬಸ್ಸು, ಮಳೆಗಾಲದ ಕೆಸರಿನಲ್ಲಿ ಹೂತುಹೋದ ಟಿಪ್ಪರ್, ಬೆಂಗಳೂರು–ಮೈಸೂರು ಹೆದ್ದಾರಿಯ ನಡು ಲೇನಿನಲ್ಲಿ ಆರಿಹೋದ ಕಾರು, ಇವೆಲ್ಲ ಅದರ ದಿನನಿತ್ಯದ ಪಾಲು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದವರ ನೆರವಿಗೆ ಟೋಲ್ ಕಡೆಯಿಂದ ಕ್ರೇನ್ ಬರುವ ಏರ್ಪಾಡಿದೆ. ಗಾಡಿ ಬರುತ್ತದೆ ಸರಿ, ಅದರ ಜೊತೆ ಬರುವ ತಿಳಿವಳಿಕೆಯನ್ನು ಖಾತ್ರಿಪಡಿಸುವವರು ಯಾರು ಎಂಬುದು ಇಲ್ಲಿನ ಪ್ರಶ್ನೆ.

ಮೊದಲ ಪಾಠ ಭಾರದ್ದು. ಗಾಡಿಯ ತೂಕವೂ ಅದನ್ನು ಎಳೆಯಲು ಬೇಕಾದ ಬಲವೂ ಒಂದೇ ಅಲ್ಲ. ಸಮತಟ್ಟಾದ ಡಾಂಬರಿನ ಮೇಲೆ ಚಕ್ರ ಸಲೀಸಾಗಿ ಉರುಳುವ ಗಾಡಿಗೆ ಅದರ ತೂಕದ ಸಣ್ಣ ಪಾಲಿನಷ್ಟು ಬಲ ಸಾಕು. 30 ಡಿಗ್ರಿ ಇಳಿಜಾರಿನಿಂದ ಮೇಲಕ್ಕೆ ತರಬೇಕಾದರೆ ಇಳಿಜಾರೊಂದೇ ತೂಕದ ಅರ್ಧದಷ್ಟು ಬಲ ಕೇಳುತ್ತದೆ. ಕೆಸರಿನ ಲೆಕ್ಕ ಇನ್ನೂ ಕಠಿಣ. ಅಮೆರಿಕದ ಸೇನೆಯ ವಾಹನ ರಿಕವರಿ ಕೈಪಿಡಿ ಇದಕ್ಕೊಂದು ಸರಳ ಸೂತ್ರ ಕೊಡುತ್ತದೆ: ಚಕ್ರದ ಮಟ್ಟಕ್ಕೆ ಹೂತಿದ್ದರೆ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ ತೂಕದ ಎರಡರಷ್ಟು, ಕ್ಯಾಬಿನ್ ಮಟ್ಟಕ್ಕೆ ಮುಳುಗಿದ್ದರೆ ಮೂರರಷ್ಟು. ಹತ್ತು ಟನ್ನಿನ ಲಾರಿ ಮಡ್‌ಗಾರ್ಡ್‌ವರೆಗೆ ಹೂತಿದೆ ಎಂದರೆ ಇಪ್ಪತ್ತು ಟನ್ನಿನ ಎಳೆತದ ಮಾತು. ಹತ್ತು ಟನ್ನಿನ ಲಾರಿಗೆ ಹತ್ತು ಟನ್ನಿನ ವಿಂಚ್ ಸಾಕೆಂದು ಗುಂಡಿ ಒತ್ತುವವನು ಹಗ್ಗವನ್ನು ಅದರ ಮಿತಿಯಾಚೆ ನೂಕುತ್ತಾನೆ. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಅದರಲ್ಲಿ ತುಂಬಿಕೊಂಡಿದ್ದ ಶಕ್ತಿಯೆಲ್ಲ ಒಂದೇ ಏಟಿಗೆ ಬಿಡುಗಡೆಯಾಗಿ, ಹಿಂದಕ್ಕೆ ಚಿಮ್ಮುವ ತುದಿ ಅಡ್ಡ ಬಂದವರ ಕೈಕಾಲು ಮುರಿಯಬಲ್ಲದು, ಜೀವವನ್ನೇ ತೆಗೆಯಬಲ್ಲದು. ವಿಂಚಿನ ಮೇಲೆ ಬರೆದ ಸಾಮರ್ಥ್ಯವೂ ಡ್ರಮ್ಮಿನ ತೀರ ಒಳಗಿನ ಸುತ್ತಿಗೆ ಮಾತ್ರ ಅನ್ವಯ. ಸುತ್ತಿನ ಮೇಲೆ ಸುತ್ತು ಏರಿದಂತೆ ಎಳೆಯುವ ಬಲ ಕುಗ್ಗುತ್ತದೆ. ಇದನ್ನು ಗದ್ದಲದ ನಡುವೆ, ಮಳೆಯಲ್ಲಿ, ಹಿಂದೆ ಕಿಲೋಮೀಟರ್ ಉದ್ದ ಗಾಡಿಗಳು ನಿಂತಿರುವಾಗ ಊಹಿಸಿ ತಿಳಿಯಲಾಗದು. ಮೊದಲೇ ಕಲಿತಿರಬೇಕು.

ಬಲ ಸಾಲದಾಗ ಕಪ್ಪಿ ನೆರವಿಗೆ ಬರುತ್ತದೆ. ಬಿದ್ದ ಗಾಡಿಗೆ ಕಪ್ಪಿ ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ಮರಳಿ ತಂದು ಕ್ರೇನಿಗೇ ಬಿಗಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ಅದೇ ಕಪ್ಪಿಯನ್ನು ದಿಕ್ಕು ಬದಲಿಸಲೆಂದು ರಸ್ತೆ ಬದಿಯ ಮರಕ್ಕೆ ಕಟ್ಟಿ, ಹಗ್ಗವನ್ನು ಬಂದ ಕಡೆಗೇ ತಿರುಗಿಸಿದರೆ ಎಳೆತ ಕೊಂಚವೂ ಹೆಚ್ಚುವುದಿಲ್ಲ. ಮರದ ಮೇಲೆ ಮಾತ್ರ ಹಗ್ಗದ ಬಲದ ಎರಡರಷ್ಟು ಹೊರೆ ಬೀಳುತ್ತದೆ. ಒಂದೇ ಸಾಧನ, ಒಂದೇ ಹಗ್ಗ, ಕಟ್ಟುವ ಜಾಗ ಬೇರೆಯಾದರೆ ಫಲ ಪೂರ್ತಿ ಬೇರೆ. ಚೈನಿನ ಕೋನದ ವಿಷಯವೂ ಹೀಗೆಯೇ. ಒಂದು ಕೊಂಡಿಯಿಂದ ಎರಡು ಚೈನ್ ಇಳಿಬಿಟ್ಟು ಭಾರ ಎತ್ತುವಾಗ ಅವುಗಳ ನಡುವೆ 60 ಡಿಗ್ರಿ ಕೋನವಿದ್ದರೆ ಪ್ರತಿ ಚೈನಿನ ಮೇಲೆ ಭಾರದ ಶೇ 58ರಷ್ಟು ಬಲ ಬೀಳುತ್ತದೆ. ಕೋನ 120 ಡಿಗ್ರಿಗೆ ಅಗಲಿಸಿದರೆ ಒಂದೊಂದು ಚೈನೂ ಪೂರ್ತಿ ಭಾರದಷ್ಟನ್ನೇ ಹೊರಬೇಕು. ಎರಡು ಚೈನ್ ಹಾಕಿದ್ದೇವೆ, ಭಾರ ಅರ್ಧರ್ಧ ಹಂಚಿಹೋಯಿತು ಎಂಬ ಸಹಜ ಭಾವನೆ ಇಲ್ಲಿ ದಾರಿ ತಪ್ಪಿಸುತ್ತದೆ. ಕಣ್ಣಿಗೆ ಸರಿ ಕಂಡದ್ದು ಲೆಕ್ಕದಲ್ಲಿ ತಪ್ಪಾಗುವ ಇಂಥ ಎಡೆಗಳಲ್ಲೇ ತರಬೇತಿಯ ಬೆಲೆ ಇರುವುದು.

ಮೂರನೆಯದು ಎಳೆಯುವ ಗಾಡಿಯದೇ ಸಮತೋಲನ. ಕ್ರೇನ್ ತನ್ನ ಹಿಂದೆ ಭಾರ ಎತ್ತಿದಾಗ ಹಿಂದಿನ ಎಕ್ಸೆಲ್ ಆಧಾರವಾಗಿ, ಬಾವಿಯ ಏತದಂತೆ ಮುಂಭಾಗ ಹಗುರಾಗುತ್ತದೆ. ಕ್ರೇನಿನ ಎರಡು ಎಕ್ಸೆಲ್‌ಗಳ ನಡುವೆ 3.6 ಮೀಟರ್ ದೂರವಿದೆ, ಕೊಂಡಿ ಹಿಂದಿನ ಎಕ್ಸೆಲ್‌ನಿಂದ 1.8 ಮೀಟರ್ ಆಚೆಗಿದೆ ಎಂದುಕೊಳ್ಳೋಣ. ಕೊಂಡಿಯಲ್ಲಿ 800 ಕಿಲೋ ಎತ್ತಿದರೆ ಮುಂದಿನ ಎಕ್ಸೆಲ್‌ನಿಂದ 400 ಕಿಲೋ ಕಳೆಯುತ್ತದೆ. 1,600 ಕಿಲೋ ಎತ್ತಿದರೆ 800 ಕಿಲೋ. ಮುಂದಿನ ಎಕ್ಸೆಲ್ ಮೇಲೆ ಮೊದಲಿದ್ದದ್ದು 1,600 ಕಿಲೋ ಆಗಿದ್ದರೆ ಈಗ ಉಳಿದದ್ದು ಸರಿಯಾಗಿ ಅರ್ಧ. ಮುಂದಿನ ಎಕ್ಸೆಲ್‌ನ ಮೂಲ ಭಾರದಲ್ಲಿ ಕನಿಷ್ಠ ಅರ್ಧ ಉಳಿದಿರಬೇಕು ಎಂಬುದು ಈ ಕಸುಬಿನಲ್ಲಿ ಒಪ್ಪಿತವಾದ ಮಿತಿ. ಅದನ್ನು ದಾಟಿದರೆ ಸ್ಟೇರಿಂಗ್ ತಿರುಗಿಸಿದರೂ ಚಕ್ರ ರಸ್ತೆಯನ್ನು ಹಿಡಿಯುವುದಿಲ್ಲ, ಬ್ರೇಕ್ ತನ್ನ ಪೂರ್ತಿ ಕೆಲಸ ಮಾಡುವುದಿಲ್ಲ. ಕ್ರೇನ್ ಎತ್ತಬಲ್ಲ ಭಾರ ಬೇರೆ, ಎತ್ತಿಕೊಂಡು ಸುರಕ್ಷಿತವಾಗಿ ಓಡಬಲ್ಲ ಭಾರ ಬೇರೆ ಎಂಬ ಈ ವ್ಯತ್ಯಾಸ ತಿಳಿಯದ ಚಾಲಕ ನಿಂತಲ್ಲಿ ಗೆದ್ದು ಇಳಿಜಾರಿನಲ್ಲಿ ಸೋಲುತ್ತಾನೆ. ಘಾಟಿ ರಸ್ತೆಗಳಿರುವ ನಮ್ಮ ರಾಜ್ಯದಲ್ಲಿ ಇದು ಪುಸ್ತಕದಲ್ಲೇ ಉಳಿಯಬಹುದಾದ ವಿಚಾರವಲ್ಲ.

ಇನ್ನು ಎಳೆಸಿಕೊಳ್ಳುವ ಗಾಡಿ. ಮೂವತ್ತು ವರ್ಷಗಳ ಹಿಂದೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಗ್ಗ ಕಟ್ಟಿ ಎಳೆದರೆ ಬಹುಪಾಲು ಕಾರುಗಳಿಗೆ ಏನೂ ಆಗುತ್ತಿರಲಿಲ್ಲ. ಈಗ ಹಾಗಿಲ್ಲ. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಸುವ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಆರಿರುವಾಗ ಅದರ ಬಲ ಹೋಗುವ ಚಕ್ರಗಳನ್ನು ನೆಲದ ಮೇಲೆ ಉರುಳಿಸುತ್ತಾ ಎಳೆದರೆ ಎಣ್ಣೆಯಿಲ್ಲದೆ ಒಳಗಿನ ಭಾಗಗಳು ಸುಡುತ್ತವೆ. ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುತ್ತದೆಯೋ, ಹಿಂದಿನದಕ್ಕೋ, ನಾಲ್ಕಕ್ಕೂ ಹೋಗುತ್ತದೆಯೋ ಎಂಬುದರ ಮೇಲೆ ಯಾವ ತುದಿಯನ್ನು ಎತ್ತಬೇಕು, ಪೂರ್ತಿ ಫ್ಲಾಟ್‌ಬೆಡ್ ಮೇಲೇ ಹಾಕಬೇಕೆ ಎಂಬುದು ನಿರ್ಧಾರವಾಗುತ್ತದೆ. ವಿದ್ಯುತ್ ಕಾರಿನಲ್ಲಿ ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ವಿದ್ಯುತ್ ಹುಟ್ಟಿಸುತ್ತದೆ. ಅದಕ್ಕಾಗಿಯೇ ಸಾಮಾನ್ಯವಾಗಿ ಅವನ್ನು ಫ್ಲಾಟ್‌ಬೆಡ್ ಮೇಲೆ ಸಾಗಿಸಬೇಕೆಂದು ತಯಾರಕರು ಹೇಳುತ್ತಾರೆ. ಅಪಘಾತದಲ್ಲಿ ಜಖಂಗೊಂಡ ಲಿಥಿಯಂ ಬ್ಯಾಟರಿ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರವೂ ಹೊತ್ತಿಕೊಳ್ಳಬಲ್ಲದಾದ್ದರಿಂದ ಅಂಥ ಗಾಡಿಯನ್ನು ಬೇರೆ ಗಾಡಿ, ಕಟ್ಟಡಗಳಿಂದ ಸುಮಾರು 50 ಅಡಿ ದೂರ ನಿಲ್ಲಿಸಬೇಕೆಂಬುದು ಅಮೆರಿಕದ ಅಗ್ನಿ ಸುರಕ್ಷತಾ ತಜ್ಞರ ಸಲಹೆ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆ ಗಾಡಿಗಳು ಕೆಟ್ಟಾಗ ಎತ್ತುವವರಿಗೂ ಒಂದು ನೀತಿ ಬೇಕಲ್ಲವೇ?

ಇಷ್ಟೆಲ್ಲ ಲೆಕ್ಕ ಸರಿಯಾಗಿದ್ದರೂ ಆಪರೇಟರ್ ಬದುಕುಳಿಯುತ್ತಾನೆಂಬ ಖಾತ್ರಿಯಿಲ್ಲ, ಏಕೆಂದರೆ ಅವನ ಕಾರ್ಖಾನೆ ಓಡುವ ರಸ್ತೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯು 2011ರಿಂದ 2016ರವರೆಗಿನ ಅಂಕಿಅಂಶ ನೋಡಿದಾಗ, ಟೋಯಿಂಗ್ ಉದ್ಯಮದಲ್ಲಿ ಒಂದು ಲಕ್ಷ ಕೆಲಸಗಾರರಿಗೆ ವರ್ಷಕ್ಕೆ ಸರಾಸರಿ 42.9 ಸಾವು ಕಂಡುಬಂತು. ಅಲ್ಲಿನ ಒಟ್ಟು ಖಾಸಗಿ ಉದ್ಯಮಗಳಲ್ಲಿ ಅದು 2.9 ಮಾತ್ರ. ಹದಿನೈದು ಪಟ್ಟು ಎನ್ನುವಷ್ಟು ಅಂತರ. ರಸ್ತೆ ಬದಿ ನಿಂತ ಇಂಥ ಗಾಡಿಯ ಹತ್ತಿರ ಬರುವಾಗ ಲೇನ್ ಬದಲಿಸಿ, ಇಲ್ಲವೇ ವೇಗ ತಗ್ಗಿಸಿ ಎಂದು ವಾಹನ ಸವಾರರಿಗೆ ಹೇಳುವ ಕಾನೂನು ಅಲ್ಲಿನ ಐವತ್ತೂ ರಾಜ್ಯಗಳಲ್ಲಿದ್ದೂ ಸ್ಥಿತಿ ಹೀಗಿದೆ. ನಮ್ಮಲ್ಲಿ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತದ ಬಗೆಗಳಲ್ಲಿ ದೊಡ್ಡ ಪಾಲು ಹಿಂದಿನಿಂದ ಬಂದು ಗುದ್ದಿದವುಗಳದ್ದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಾಲಕ ಕಂಡು, ಅರಿತು, ಬ್ರೇಕಿಗೆ ಕಾಲಿಡಲು ಎರಡು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 56 ಮೀಟರ್ ಮುಗಿದಿರುತ್ತದೆ. ನಮ್ಮ ರಸ್ತೆಗಳಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಸೊಪ್ಪಿನ ಕೊಂಬೆ, ಎರಡು ಕಲ್ಲು ಇಡುವ ರೂಢಿ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಗಾಡಿ ಹೋದ ಮೇಲೆ ಅಲ್ಲೇ ಉಳಿಯುವ ಕಲ್ಲು ಇನ್ನೊಬ್ಬ ಬೈಕ್ ಸವಾರನನ್ನು ಕೆಡವುತ್ತದೆ. ಹೊಳೆಯುವ ತ್ರಿಕೋನ ಮತ್ತು ಕೋನ್‌ಗಳನ್ನು ಎಷ್ಟು ದೂರದಿಂದ ಜೋಡಿಸಬೇಕು, ಕ್ರೇನನ್ನು ಹೇಗೆ ಅಡ್ಡಗಟ್ಟಿ ನಿಲ್ಲಿಸಬೇಕು, ವಾಹನ ಓಡುವ ಬದಿಗೆ ಬೆನ್ನು ಹಾಕಿ ಯಾಕೆ ಬಗ್ಗಬಾರದು, ಗಾಡಿಯ ಮಾಲೀಕನನ್ನು ತಡೆಗಂಬಿಯ ಆಚೆ ಯಾಕೆ ನಿಲ್ಲಿಸಬೇಕು ಎಂಬುದೇ ತರಬೇತಿಯ ಮೊದಲ ದಿನದ ಮೊದಲ ಗಂಟೆಯಾಗಬೇಕು.

ಕೊನೆಯ ಪಾಠ ಕಾನೂನಿನದು ಮತ್ತು ಮನುಷ್ಯರದು. ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದೆ ಬಿಟ್ಟ ಅಥವಾ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ತೆಗೆಸುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯದು. ಟೋಯಿಂಗ್ ಆಪರೇಟರ್ ಆ ಆದೇಶ ನೆರವೇರಿಸುವವನು, ಆದೇಶ ಕೊಡುವವನಲ್ಲ. ಈ ಗೆರೆ ಅಳಿಸಿಹೋದಲ್ಲಿ ಬೀದಿ ಜಗಳ ಹುಟ್ಟುತ್ತದೆ. ಹಗ್ಗ ಕಟ್ಟಿ ಎಳೆಯುವಾಗ ಎರಡು ಗಾಡಿಗಳ ನಡುವೆ ಐದು ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರಬಾರದು ಎಂದು ಚಾಲನಾ ನಿಯಮಗಳು ಹೇಳುತ್ತವೆ. ಅಪಘಾತದ ಗಾಡಿಯಾದರೆ ಪರಿಶೀಲನೆ ಮುಗಿಯುವ ಮೊದಲು ಗೇರ್, ಸ್ಟೇರಿಂಗ್, ಟೈರಿನ ಸ್ಥಿತಿ ಬದಲಾದರೆ ಮುಂದೆ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವ ಕುಟುಂಬದ ಸಾಕ್ಷ್ಯವೇ ಅಳಿಸಬಹುದು. ಆದ್ದರಿಂದ ಮುಟ್ಟುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯುವುದು ಶಿಸ್ತಾಗಬೇಕು. ಅದೇ ಫೋಟೊ ನಾಳೆ ಗೀರು ಬಿದ್ದದ್ದು ಯಾರಿಂದ ಎಂಬ ತಕರಾರಿನಲ್ಲಿ ಆಪರೇಟರನ್ನೂ ಕಾಯುತ್ತದೆ. ಅನಿಲ ಟ್ಯಾಂಕರ್ ಬಿದ್ದ ಕಡೆ ಕಲಿತ ಕೆಲಸಗಾರನ ಮೊದಲ ಕೆಲಸ ದೂರ ನಿಲ್ಲುವುದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ತಗ್ಗಿನತ್ತ ಹರಿದು ಮಡುಗಟ್ಟುತ್ತದೆ, ಒಂದು ಎಂಜಿನ್ನಿನ ಕಿಡಿ ಸಾಕು. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹಬ್ಬಿ ಹಲವರು ಸತ್ತದ್ದನ್ನು ಕರಾವಳಿ ಮರೆತಿಲ್ಲ. ಅಗ್ನಿಶಾಮಕ ದಳ ಮತ್ತು ಅನಿಲ ಕಂಪನಿಯ ತಜ್ಞರು ಸರಿ ಎನ್ನುವವರೆಗೆ ಕ್ರೇನನ್ನು ಚಾಲೂ ಮಾಡದಿರುವುದೂ ಒಂದು ಕೌಶಲವೇ.

ತರಬೇತಿ ಬೇಕೆಂಬ ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಅನುಭವದ್ದು. ಗ್ಯಾರೇಜಿನ ಉಸ್ತಾದರ ಕೈಕೆಳಗೆ ಕ್ಲೀನರ್ ಆಗಿ ಸೇರಿ, ಹತ್ತು ವರ್ಷ ಕಲಿತವನಿಗೆ ತರಗತಿ ಏನು ಹೇಳಿಕೊಡಬಲ್ಲದು ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಬಿದ್ದ ಲಾರಿಯ ಸುತ್ತ ಒಂದು ಸುತ್ತು ಬಂದು ಎಲ್ಲಿ ಕೊಂಡಿ ಸಿಗುತ್ತದೆ ಎಂದು ಹೇಳುವ ಕಣ್ಣು ತರಗತಿಯಲ್ಲಿ ಹುಟ್ಟುವುದಿಲ್ಲ; ಉಸ್ತಾದನೇ ಇಲ್ಲದ ತರಬೇತಿ ಸೊರಗಿದ ತರಬೇತಿ. ಆದರೆ ಅನುಭವ ಕಲಿಸುವುದು ತಪ್ಪಿನ ಮೂಲಕ, ಈ ಕಸುಬಿನಲ್ಲಿ ಕೆಲವು ತಪ್ಪುಗಳು ಎರಡನೇ ಅವಕಾಶ ಕೊಡುವುದಿಲ್ಲ. ಹಗ್ಗ ಒಂಬತ್ತು ಸಲ ತಡೆದುಕೊಂಡಿತು ಎಂಬುದು ಹತ್ತನೇ ಸಲಕ್ಕೆ ಪುರಾವೆಯಲ್ಲ. ಪ್ರತಿ ಸಲವೂ ಒಳಗಿನ ಒಂದೆರಡು ಎಳೆ ಹರಿದಿರಬಹುದು. ಮೇಲಾಗಿ ಉಸ್ತಾದ ಕಲಿತದ್ದು ಅವನ ಕಾಲದ ಗಾಡಿಗಳ ಮೇಲೆ. ವಿದ್ಯುತ್ ಬಸ್ಸಿನ ಹೈ ವೋಲ್ಟೇಜ್ ಕೇಬಲ್ ಎಲ್ಲಿ ಹಾದುಹೋಗುತ್ತದೆ ಎಂಬುದು ಅವನಿಗೂ ಹೊಸ ಪಾಠ. ಅನುಭವಿಗಳ ವಿದ್ಯೆಗೆ ಅವಮಾನವಾಗದಂತೆ ಇದನ್ನು ಮಾಡುವ ದಾರಿಯೂ ಇದೆ. ಈಗಾಗಲೇ ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಇದೆ. ಹಳಬರನ್ನು ಅದರ ಮೂಲಕ ತಂದು, ಅವರಲ್ಲಿ ನುರಿತವರನ್ನೇ ಬೋಧಕರನ್ನಾಗಿ ಮಾಡಬಹುದು.

ಎರಡನೆಯದು ಹಣದ ಆಕ್ಷೇಪ. ಒಂದು ಕ್ರೇನ್, ಒಬ್ಬ ಹೆಲ್ಪರ್ ಇಟ್ಟುಕೊಂಡು ಬದುಕುವ ಸಣ್ಣ ಮಾಲೀಕರಿಗೆ ಹೊಸ ಸರ್ಟಿಫಿಕೇಟ್ ಹೊರೆಯಾಗುತ್ತದೆ, ಬಾಡಿಗೆ ಏರುತ್ತದೆ, ಆರ್‌ಟಿಒ ಕಚೇರಿಯ ಮುಂದೆ ಇನ್ನೊಂದು ಸಾಲು ಹುಟ್ಟುತ್ತದೆ ಎನ್ನುವವರ ಆತಂಕ ನಿಜವಾದದ್ದು. ತರಬೇತಿ ಕಾಗದದ ವ್ಯವಹಾರವಾದರೆ ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಸುಳ್ಳು ಭರವಸೆ ಕೊಡುತ್ತದೆ. ಹಾಗಾಗಿ ಅವಧಿ ಚಿಕ್ಕದಿರಲಿ, ಪರೀಕ್ಷೆ ಕೈಕೆಲಸದ್ದಾಗಿರಲಿ, ಶುಲ್ಕವನ್ನು ಕಾರ್ಮಿಕನ ಜೇಬಿನಿಂದ ಕೀಳದೆ ಈ ಸೇವೆಯಿಂದ ಲಾಭ ಪಡೆಯುವವರು ಭರಿಸಲಿ. ಟೋಲ್ ವಸೂಲಿ ಮಾಡುವ ಹೆದ್ದಾರಿ ಗುತ್ತಿಗೆದಾರರು, ರಸ್ತೆ ಬದಿ ನೆರವನ್ನು ಪಾಲಿಸಿಯ ಜೊತೆ ಮಾರುವ ವಿಮಾ ಕಂಪನಿಗಳು, ಕಾರು ತಯಾರಕರು ಎಲ್ಲರೂ ಈ ಕೆಲಸಗಾರರ ಬೆನ್ನ ಮೇಲೆಯೇ ತಮ್ಮ ವಾಗ್ದಾನ ಉಳಿಸಿಕೊಳ್ಳುತ್ತಿದ್ದಾರೆ. ತಪ್ಪಾಗಿ ಎಳೆದು ಸುಟ್ಟ ಒಂದು ಗೇರ್‌ಬಾಕ್ಸಿನ, ಎತ್ತುವಾಗ ಮತ್ತೆ ಉರುಳಿದ ಒಂದು ಕಂಟೇನರಿನ ನಷ್ಟದ ಮುಂದೆ ಒಬ್ಬನ ತರಬೇತಿಯ ಖರ್ಚು ಸಣ್ಣದು. ಹೊಸ ಹೈಡ್ರಾಲಿಕ್ ಯಂತ್ರ ಬಂದ ಮೇಲೆ ಇದೆಲ್ಲ ಬೇಕೇ ಎನ್ನುವ ಮೂರನೇ ಮಾತಿಗೂ ಉತ್ತರ ಇಲ್ಲೇ ಇದೆ: ಯಂತ್ರ ಶಕ್ತಿಯನ್ನು ಹೆಚ್ಚಿಸುತ್ತದೆ, ಜೊತೆಗೆ ತಪ್ಪಿನ ಬೆಲೆಯನ್ನೂ ಹೆಚ್ಚಿಸುತ್ತದೆ. ಎಲ್ಲಿ ಕೊಂಡಿ ಹಾಕಬೇಕೆಂದು ಅದು ಹೇಳುವುದಿಲ್ಲ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಸಾರಿಗೆ ನಿಗಮಗಳಿಗೆ ಮಳವಳ್ಳಿ, ಹುಮನಾಬಾದ್‌ನಂಥ ಕಡೆ ಚಾಲಕರ ತರಬೇತಿ ಕೇಂದ್ರಗಳಿವೆ, ಜಿಲ್ಲೆಗಳಲ್ಲಿ ಐಟಿಐಗಳಿವೆ. ಒಂದು ಹಳೇ ಲಾರಿ, ಒಂದು ಇಳಿಜಾರು, ಒಂದು ಕೆಸರುಗುಂಡಿ ಇದ್ದರೆ ಪಾಠದ ಅಂಗಳ ಸಿದ್ಧ. ಐದಾರು ದಿನಗಳಲ್ಲಿ ಭಾರದ ಲೆಕ್ಕ, ಹಗ್ಗ ಮತ್ತು ಚೈನಿನ ತಪಾಸಣೆ, ಫ್ಲಾಟ್‌ಬೆಡ್ ಮೇಲೆ ನಾಲ್ಕೂ ಚಕ್ರಕ್ಕೆ ಬೆಲ್ಟ್ ಬಿಗಿಯುವ ಕ್ರಮ, ರಸ್ತೆ ಬದಿಯ ಸುರಕ್ಷತೆ, ವಿದ್ಯುತ್ ವಾಹನ, ಕಾನೂನು ಮತ್ತು ಪ್ರಥಮ ಚಿಕಿತ್ಸೆಯ ಮೂಲಪಾಠ ಮುಗಿಸಬಹುದು. ಆಮೇಲೆ ಕೆಲವು ತಿಂಗಳು ನುರಿತವರ ಜೊತೆಯಲ್ಲೇ ಕೆಲಸ, ಭಾರಿ ವಾಹನದ ರಿಕವರಿಗೆ ಪ್ರತ್ಯೇಕ ಮಟ್ಟ. ಕಾಯ್ದೆ ತಿದ್ದುಪಡಿಗೆ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಹೆದ್ದಾರಿ ಪ್ರಾಧಿಕಾರ, ನಗರದ ಸಂಚಾರ ಪೊಲೀಸರು ಮತ್ತು ವಿಮಾ ಕಂಪನಿಗಳು ತಮ್ಮ ಟೆಂಡರಿನಲ್ಲಿ ಕ್ರೇನಿನ ಟನ್ ಸಾಮರ್ಥ್ಯದ ಪಕ್ಕದಲ್ಲೇ ಅದನ್ನು ನಡೆಸುವವನ ತರಬೇತಿಯನ್ನೂ ಷರತ್ತಾಗಿ ಬರೆದರೆ ಕಸುಬು ತಾನಾಗಿ ಬದಲಾಗಲು ತೊಡಗುತ್ತದೆ. ಕಲಿತವನಿಗೆ ಹೆಚ್ಚು ಕೂಲಿ ಕೇಳುವ ಆಧಾರ ಸಿಗುತ್ತದೆ, ಗಾಡಿಯ ಮಾಲೀಕನಿಗೆ ಯಾರನ್ನು ನಂಬಬೇಕೆಂಬ ಗುರುತು ಸಿಗುತ್ತದೆ, ಹಿಂದೆ ಸಾಲುಗಟ್ಟಿದವರಿಗೆ ರಸ್ತೆ ಬೇಗ ತೆರೆದುಕೊಳ್ಳುತ್ತದೆ. ರಸ್ತೆ ಕಟ್ಟಲು ಸಾವಿರಾರು ಕೋಟಿ ಸುರಿಯುವ ನಾವು ಆ ರಸ್ತೆಯನ್ನು ದಿನವೂ ತೆರೆದಿಡುವ ಮನುಷ್ಯನ ಕಲಿಕೆಗೆ ವಾರವೊಂದನ್ನು ಕೊಡಬೇಕು. ಇದು ಆತನಿಗೆ ಮಾಡುವ ಉಪಕಾರವಲ್ಲ, ಆತನ ಜೀವಕ್ಕೂ ನಮ್ಮ ಜೀವಕ್ಕೂ ನಾವು ಸಲ್ಲಿಸಬೇಕಾದ ಬಾಕಿ.